ಕಾಡು ಉಳಿಸುವ ಖರ್ಚು ಯಾರ ಲೆಕ್ಕಕ್ಕೆ?

ಬರೆಯಂಚಿನ ಮನೆ (ಕೊಡಗಿನ ಮಾದಾಪುರ ಕಡೆ)

ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ನಮ್ಮೂರ ಗ್ರಾಮಸಭೆಯಲ್ಲಿ ಅಧಿಕಾರಿಯೊಬ್ಬರು ಮರ ಉಳಿಸುವ ಬಗ್ಗೆ, ಗುಡ್ಡ ಕುಸಿತದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಒಳ್ಳೆಯ ಮಾತೇ. ಮುಗಿದ ಮೇಲೆ ಹಿಂದಿನ ಬೆಂಚಿನಿಂದ ತೋಟದ ಕೂಲಿಯವರ ಲೈನ್‌ಮನೆಯ ಅಜ್ಜಿಯೊಬ್ಬರು ಎದ್ದು ನಿಂತರು. "ಮರ ಬೇಕು ಸಾರ್, ನಮಗೂ ಗೊತ್ತು. ಗುಡ್ಡ ಬಂದಾಗ ಮಕ್ಕಳನ್ನ ಎತ್ತಿಕೊಂಡು ಓಡಿದವರು ನಾವೇ. ಆದ್ರೆ ಕಾನೂನು ನಮ್ಮ ಬಾಗಿಲ ತನಕ ಬಂದು ಅಲ್ಲೇ ಯಾಕೆ ನಿಲ್ಲುತ್ತೆ? ಮೇಲಿನ ಗುಡ್ಡಕ್ಕೆ ಯಾಕೆ ಹತ್ತಲ್ಲ?" ಎಂದು ಕೇಳಿದರು. ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. "ಬರೆದುಕೊಂಡಿದ್ದೇವೆ" ಎಂದರು ಅಧಿಕಾರಿ. ಅಜ್ಜಿ ಕುಳಿತರು. ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದು ನಾಲ್ಕು ಎಕರೆ. ಕೆಳಗೆ ರೋಬಸ್ಟಾ, ಮೇಲಿನ ಇಳಿಜಾರಿನಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆ ಮೆಣಸಿನ ಬಳ್ಳಿ. ಅಪ್ಪ ಮಳೆ ಲೆಕ್ಕ ಬರೆಯುತ್ತಿದ್ದ ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ದಿನಾ ಬೆಳಿಗ್ಗೆ ಮಾಪಕದ ನೀರು ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುವುದು ಅವರ ಅಭ್ಯಾಸ. 2018ರ ಆಗಸ್ಟ್ 16ರ ಸಾಲಿನಲ್ಲಿ ಅಂಕಿ ಇಲ್ಲ. "ತುಂಬಿ ಚೆಲ್ಲಿದೆ" ಎಂದು ಪೆನ್ಸಿಲಿನಲ್ಲಿ ಬರೆದಿದ್ದಾರೆ. 17ರ ಸಾಲು ಖಾಲಿ.

15ರ ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತ್ತು. ಮರುದಿನ ಸಂಜೆಯ ಹೊತ್ತಿಗೆ ಅದರೊಳಗೆ ಅಂಗೈ ಹೋಗುತ್ತಿತ್ತು. ನೀರು ಒಳಗೆ ಇಳಿಯಬಾರದೆಂದು ಅಪ್ಪ ಟಾರ್ಪಾಲು ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟರು. ರಾತ್ರಿ ಟಾರ್ಚು ಹಿಡಿದು ನೋಡಿದರೆ ಟಾರ್ಪಾಲು ಕಲ್ಲು ಸಮೇತ ಸೀಳಿನೊಳಗೆ ಇಳಿದಿತ್ತು. ಅಮ್ಮ ದೇವರ ದೀಪ ಆರಿಸದೆ ಹಾಗೇ ಬಿಟ್ಟು ಹೊರಟರು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ... ಗುಡ್ಡಗಳು ಕುಸಿದ ಆ ವಾರ ಏನಾಯಿತೆಂದು ಇಲ್ಲಿರುವ ಯಾರಿಗೂ ನಾನು ಹೇಳಬೇಕಾಗಿಲ್ಲ. ನಮ್ಮ ಮನೆ ಉಳಿಯಿತು, ಕಣ ಹೋಯಿತು.

ಹಾಗಾಗಿ ಗುಡ್ಡ ಕಾಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಸಂಕಟ ಬೇರೆ. ಮನೆ ಹಿಂದೆ ಒಂದು ನಂದಿ ಮರ, ಬುಡದ ಮಣ್ಣು ಕೊಚ್ಚಿಹೋಗಿ ಮಾಡಿನ (ಛಾವಣಿಯ) ಕಡೆ ವಾಲಿದೆ. ತೆರವಿಗೆ ಅರ್ಜಿ ಕೊಟ್ಟು ಮೂರು ಮಳೆಗಾಲ ಕಳೆಯಿತು. ಒಂದು ಸಲ ಆರ್‌ಟಿಸಿ ಸರಿಯಿಲ್ಲ ಅಂದರು, ಒಂದು ಸಲ ನಕ್ಷೆ ಬೇಕು ಅಂದರು, ಒಂದು ಸಲ ಸಾಹೇಬರು ವರ್ಗ ಆದರು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಗಾಳಿ ಎದ್ದ ರಾತ್ರಿ ಮಕ್ಕಳನ್ನು ಮುಂದಿನ ಕೋಣೆಯಲ್ಲಿ ಮಲಗಿಸುತ್ತೇವೆ. ಇದೇ ಮೂರು ವರ್ಷದಲ್ಲಿ ನಮ್ಮ ಮೇಲಿನ ಗುಡ್ಡದಲ್ಲಿ ಜೆಸಿಬಿ ಹತ್ತಿ ಮೂರು ತಟ್ಟು (ಮೆಟ್ಟಿಲಿನಂಥ ಸಮ ಜಾಗ) ಕಡಿದು, ಈಜುಕೊಳ ಕಟ್ಟಿ, ರಸ್ತೆ ಮಾಡಿ, ಬೋರ್ಡು ಹಾಕಿ, ಅತಿಥಿಗಳೂ ಬಂದರು.

ಅಜ್ಜಿ ಕೇಳಿದ್ದಕ್ಕೆ ಉತ್ತರ ಸಿಗದೆ ನಮ್ಮ ಜನ ಪರಿಸರದ ಹೆಸರು ಕೇಳಿದರೇ ಮುಖ ತಿರುಗಿಸುವ ಹಾಗಾಗಿದೆ. ನೀವು ಏನನ್ನುತ್ತೀರಿ?

ನಲ್ಲಿ ನೀರು (ಬೆಂಗಳೂರು)

ಅಣ್ಣ, ಓದಿ ಬೇಜಾರಾಯಿತು. ನನ್ನ ಅಮ್ಮನ ತವರು ಸೋಮವಾರಪೇಟೆ, ನಾನು ಹುಟ್ಟಿ ಬೆಳೆದದ್ದು ಬೆಂಗಳೂರು. ಆದರೂ ಒಂದು ಮಾತು ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ.

ಪಶ್ಚಿಮ ಘಟ್ಟ ಉಳಿಸಲೆಂದು ಬಂದ ಕಸ್ತೂರಿರಂಗನ್ ವರದಿ ಬೇಡ ಎಂದು ಬೀದಿಗಿಳಿದವರು ಯಾರು? ಅದಕ್ಕೂ ಮೊದಲು 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟಾಗ ವಿರೋಧಿಸಿದವರು ಯಾರು? ನಿಮ್ಮ ಮೇಲಿನ ಗುಡ್ಡವನ್ನು ರೆಸಾರ್ಟಿನವರು ಕದ್ದುಕೊಂಡು ಹೋಗಲಿಲ್ಲವಲ್ಲ. ನಿಮ್ಮೂರಿನವರೇ ಯಾರೋ ಮಾರಿದ್ದು. ದುಡ್ಡು ಬರುವಾಗ ಜಾಗ ನಮ್ಮ ಹಕ್ಕು, ಗುಡ್ಡ ಜಾರಿದಾಗ ಸರ್ಕಾರದ ತಪ್ಪು ಎಂದರೆ ಹೊರಗಿನವರಿಗೆ ಹೇಗೆ ಕಾಣುತ್ತದೆ?

ಬರೆಯಂಚಿನ ಮನೆ

ತಂಗಿ, ತಪ್ಪು ತಿಳಿಯಲಿಲ್ಲ. ಕೇಳಬೇಕಾದ ಮಾತೇ ಕೇಳಿದ್ದೀರಿ.

ಹೌದು, ಮಾರಿದ್ದು ನಮ್ಮವರೇ. ಆ ಗುಡ್ಡ ನನ್ನ ದೂರದ ಸಂಬಂಧಿಯದು. 2000ದ ಆಚೀಚೆ ಕಾಫಿ ಬೆಲೆ ನೆಲ ಕಚ್ಚಿದಾಗ ಮಾಡಿದ ಸಾಲ ಬೆಳೆಯುತ್ತಲೇ ಹೋಯಿತು, ಮಕ್ಕಳಿಬ್ಬರೂ ಹೊರದೇಶ, ಮಂಡಿನೋವಿನಲ್ಲಿ ಅವರಿಗೆ ಬರೆ (ಕಡಿದಾದ ಇಳಿಜಾರು) ಹತ್ತಲಾಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಫಸಲಿನಲ್ಲಿ ನೋಡದಷ್ಟು ಹಣವನ್ನು ಒಂದೇ ಚೆಕ್ಕಿನಲ್ಲಿ ಕಂಡರು. ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಮಾರಿದ ಲಾಭ ಒಬ್ಬರಿಗೆ, ಬರೆ ಜಾರಿದರೆ ಮಣ್ಣು ಬಂದು ಬೀಳುವುದು ಕೆಳಗಿನ ಲೈನ್‌ಮನೆ ಮೇಲೆ. ಆ ಲೈನ್‌ಮನೆಯವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ವರದಿಯ ವಿಚಾರ ಇಲಾಖೆಯಲ್ಲಿದ್ದವರು ಹೇಳಿದರೆ ಚೆನ್ನ.

ಹಳೇ ಖಾಕಿ (ಕುಶಾಲನಗರ)

ಮೂವತ್ತೊಂದು ವರ್ಷ ಅರಣ್ಯ ಇಲಾಖೆಯಲ್ಲಿದ್ದೆ. ಈಗ ನಿವೃತ್ತ, ಹಾಗಾಗಿ ಬಿಚ್ಚಿ ಹೇಳಬಲ್ಲೆ.

ಕಸ್ತೂರಿರಂಗನ್ ಸಮಿತಿ ಗುರುತಿಸಿದ ಪರಿಸರ ಸೂಕ್ಷ್ಮ ಪ್ರದೇಶ ಆರು ರಾಜ್ಯ ಸೇರಿ ಸುಮಾರು 60 ಸಾವಿರ ಚದರ ಕಿಲೋಮೀಟರು. ಕರ್ನಾಟಕದ್ದೇ 20,668. ಅಲ್ಲಿ ನಿಷೇಧಿಸಿ ಎಂದದ್ದು ಏನನ್ನು? ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ (ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆ, 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ, ದೊಡ್ಡ ಟೌನ್‌ಶಿಪ್. ತೋಟ ಮಾಡಬೇಡಿ, ಮನೆ ರಿಪೇರಿ ಮಾಡಬೇಡಿ, ದನ ಕಟ್ಟಬೇಡಿ ಎಂದು ಎಲ್ಲೂ ಇಲ್ಲ. ಆದರೆ ಊರಲ್ಲಿ ಹಬ್ಬಿದ್ದು ಇದೇ. ಹಬ್ಬಿಸಿದವರಿಗೆ ಕ್ವಾರಿ ಇತ್ತು, ಲೇಔಟ್ ಇತ್ತು. ದನ ಇದ್ದವರು ಅವರ ಹಿಂದೆ ಹೋದರು. 2014ರಿಂದ ಕರಡು ಅಧಿಸೂಚನೆ ಮೇಲೆ ಕರಡು. ವಯನಾಡು ದುರಂತ ನಡೆದ ಮರುದಿನ, 2024ರ ಜುಲೈ 31ರಂದು ಆರನೇ ಕರಡು ಹೊರಟಿತು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಾಡ್ಗೀಳರು ಏನು ಬೇಕು, ಏನು ಬೇಡ ಎನ್ನುವುದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಿ ಎಂದಿದ್ದರು. ಆ ಭಾಗವನ್ನು ಯಾವ ಸರ್ಕಾರವೂ ಜನರ ಕೈಗೆ ಅವರ ಭಾಷೆಯಲ್ಲಿ ಕೊಡಲಿಲ್ಲ. ನಂತರದ ವರದಿ ಉಪಗ್ರಹ ಚಿತ್ರ ಹಿಡಿದು ಗೆರೆ ಹಾಕಿತು. ಒಂದು ಗ್ರಾಮದ ಶೇಕಡಾ 20ರಷ್ಟು ಜಾಗ ಸೂಕ್ಷ್ಮ ಎಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ. ಮೇಲಿಂದ ನೋಡಿದರೆ ಹಳೇ ಮರಗಳ ನೆರಳಿರುವ ಕಾಫಿ ತೋಟಕ್ಕೂ ಕಾಡಿಗೂ ವ್ಯತ್ಯಾಸ ಎಷ್ಟು ತಿಳಿದೀತು? ಬೆಳೆಗಾರರ ದೊಡ್ಡ ತಕರಾರು ಅದೇ ಆಗಿತ್ತು: ಅಜ್ಜನ ಕಾಲದ ಮರ ಉಳಿಸಿಕೊಂಡವನ ಊರು ಪಟ್ಟಿಗೆ ಸೇರಿತು, ಬೋಳಿಸಿದವನ ಊರು ಹೊರಗುಳಿಯಿತು. ಅವರ ಜಾಗದಲ್ಲಿ ನಾನಿದ್ದರೂ ಸಿಟ್ಟಾಗುತ್ತಿದ್ದೆ.

ಬಾಣೆ ಜಾಗದ ಕತೆ ಇನ್ನೂ ಹಳೆಯದು. ಗದ್ದೆಗೆ ಹೊಂದಿಕೊಂಡಂತೆ ಸೊಪ್ಪು, ಸೌದೆ, ಮೇವಿಗೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಾಗ ಅದು. ಬ್ರಿಟಿಷರ ಕಾಲದಿಂದ ಅದರ ಮರದ ಹಕ್ಕು ಸರ್ಕಾರದ್ದು. ಹಣ ಕಟ್ಟಿ ಹಕ್ಕು ಬಿಡಿಸಿಕೊಂಡವರದು ರಿಡೀಮ್ ಆದ ಜಾಗ, ಉಳಿದದ್ದು ಆಗದ ಜಾಗ. ಅಲ್ಲಿ ನೀವೇ ನೆಟ್ಟು ನೀವೇ ಕಾದ ಮರವಾದರೂ ಮೌಲ್ಯ ಸರ್ಕಾರಕ್ಕೆ ಕಟ್ಟಬೇಕು. ನೂರು ವರ್ಷದ ಮರ ಕಾದವನಿಗೆ ಸಿಗುವುದು ಅರ್ಜಿ ಹಿಡಿದು ಅಲೆಯುವ ಕೆಲಸ. ಸಿಲ್ವರ್ ಓಕ್ ನೆಟ್ಟವನಿಗೆ ಅಷ್ಟು ತಾಪತ್ರಯವಿಲ್ಲ.

ಬರೆಯಂಚಿನ ಮನೆ

ಖಾಕಿ ಸರ್ ಹೇಳಿದ ಕೊನೆಯ ಮಾತು ನಮ್ಮ ತೋಟದಲ್ಲೇ ನಡೆಯುವುದು. ಕಳೆ ಕೊಚ್ಚುವಾಗ ಕಾಫಿ ಗಿಡದ ಬುಡದಲ್ಲಿ ಬೀಟೆ ಸಸಿ ಕಂಡರೆ ಕತ್ತಿ ನಿಲ್ಲುವುದಿಲ್ಲ. ಬೆರಳುದ್ದದ ಸಸಿ, ಎಲೆ ಗುಂಡಗೆ, ಎಳೆಯದಾಗಿ ಹೊಳೆಯುತ್ತಿರುತ್ತದೆ. ಅದು ಬೆಳೆದು ಮರವಾದರೆ ನನ್ನ ಮೊಮ್ಮಗ ಅದರ ಲೆಕ್ಕ ಕೊಡಲು ಕಚೇರಿ ಅಲೆಯಬೇಕು. ಅದೇ ಜಾಗದಲ್ಲಿ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ನೆಟ್ಟರೆ ಮಗಳ ಮದುವೆಗೆ ಕಡಿಯಬಹುದು, ಮೆಣಸಿನ ಬಳ್ಳಿಯೂ ಹತ್ತುತ್ತದೆ. ನಾನು ನನ್ನ ಕೈಯಾರೆ ಎಷ್ಟು ಬೀಟೆ ಸಸಿ ಕಿತ್ತಿದ್ದೇನೋ ಲೆಕ್ಕವಿಲ್ಲ. ಕಾಡು ಉಳಿಸಲು ಮಾಡಿದ ಕಾನೂನೇ ನನ್ನ ಕೈಯಲ್ಲಿ ಕಾಡುಮರ ಕೀಳಿಸುತ್ತಿದೆ. ನೆಟ್ಟವನಿಗೆ ಮರದ ಮೇಲೆ ಹಕ್ಕು ಕೊಡಿ, ಕೊಡಗಿನಲ್ಲಿ ಬೀಟೆ, ಹೊನ್ನೆ, ಮತ್ತಿ ತಾನಾಗಿ ಎದ್ದು ಬರುತ್ತವೆ ಎಂದು ನನ್ನ ನಂಬಿಕೆ.

ಹಾಡಿಯ ಮಗ (ತಿತಿಮತಿ ಕಡೆ)

ಇಷ್ಟು ಹೊತ್ತು ಓದುತ್ತಾ ಇದ್ದೆ. ಬೆಳೆಗಾರರ ಕಷ್ಟ ಸುಳ್ಳಲ್ಲ. ಆದರೆ ಎಲ್ಲರೂ ಜಾಗ ಇರುವವರ ನ್ಯಾಯವನ್ನೇ ಮಾತಾಡುತ್ತಿದ್ದೀರಿ. ಜಾಗವೇ ಇಲ್ಲದವರದು?

ನಾವು ಯರವರು, ಆದಿವಾಸಿಗಳ ಕೇರಿಯಾದ ಹಾಡಿಯಲ್ಲಿ ಇರುವವರು. ನಮ್ಮ ತಾತ ಕಾಡೊಳಗೆ ಹುಟ್ಟಿದವರು. ನಾಗರಹೊಳೆ ಅಭಯಾರಣ್ಯವಾಗಿ, ಆಮೇಲೆ ರಾಷ್ಟ್ರೀಯ ಉದ್ಯಾನವಾಗಿ, ಆಮೇಲೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದೊಂದು ಹೆಸರು ಬದಲಾದಾಗಲೂ ಜೇನುಕುರುಬರು, ಬೆಟ್ಟಕುರುಬರು, ಯರವರು ಒಂದೊಂದು ಹೆಜ್ಜೆ ಹೊರಗೆ. ನೀವು ಇದ್ದರೆ ಪ್ರಾಣಿಗೆ ತೊಂದರೆ ಅಂದರು. ಅದೇ ಕಾಡೊಳಗೆ 90ರ ದಶಕದಲ್ಲಿ ದೊಡ್ಡ ಹೋಟೆಲ್ ಕಂಪನಿಗೆ ಪ್ರವಾಸಿಗರ ಬಿಡಾರ ಗುತ್ತಿಗೆಗೆ ಕೊಟ್ಟರು. ನಮ್ಮ ಗುಡಿಸಲಿನಿಂದ ಹುಲಿಗೆ ತೊಂದರೆ, ಹೋಟೆಲಿನಿಂದ ಇಲ್ಲ. ಆದಿವಾಸಿಗಳೇ ಹೈಕೋರ್ಟಿಗೆ ಹೋದರು. 1997ರಲ್ಲಿ ಕೋರ್ಟು ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂದಿತು. ಆ ಕಾಡನ್ನು ಹೋಟೆಲಿನಿಂದ ಉಳಿಸಿದವರು ನಾವು. ಇದು ಎಷ್ಟು ಜನರಿಗೆ ಗೊತ್ತು?

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ 577 ಕುಟುಂಬಗಳ ಗುಡಿಸಲು ಕೆಡವಿದರು. ಅರಣ್ಯ ಒತ್ತುವರಿ ಅಂದರು. ಆಗ ನಾನು ಪಿಯುಸಿ. ನನ್ನ ಚಿಕ್ಕಮ್ಮ ಅಲ್ಲಿದ್ದರು. ಚಳಿಗಾಲದ ಇಬ್ಬನಿಯಲ್ಲಿ ಪಾತ್ರೆ, ಚಾಪೆ, ಮಗುವಿನ ಶಾಲೆ ಬ್ಯಾಗು ಎಲ್ಲ ನೆಲದ ಮೇಲೆ. ಆ ಬ್ಯಾಗಿನ ಪುಸ್ತಕಗಳನ್ನು ಬೇಲಿ ಮೇಲೆ ಒಂದೊಂದಾಗಿ ಒಣಹಾಕಿದ್ದು ನಾನು. ಆಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಯಲ್ಲಿ ಮನೆ ಕಟ್ಟಿಕೊಟ್ಟರು, ಸರಿ. ಆದರೆ ಹೇಳಿ, ಸಿ ಅಂಡ್ ಡಿ ಜಾಗ, ಪೈಸಾರಿ ಜಾಗ ಎಂದು ಕರೆಯುವ ಸರ್ಕಾರಿ ಜಾಗ ಒತ್ತುವರಿ ಮಾಡಿದ ದೊಡ್ಡ ತೋಟದ ಗೇಟಿಗೆ ಹಾಗೆ ಒಂದೇ ಬೆಳಿಗ್ಗೆ ಜೆಸಿಬಿ ಬಂದದ್ದನ್ನು ಯಾರಾದರೂ ನೋಡಿದ್ದೀರಾ?

ಆನೆ ವಿಷಯವೂ ಇದೆ. ಆನೆ ಉಳಿಯಬೇಕು ಎಂದು ಊರೆಲ್ಲ ಹೇಳುತ್ತದೆ, ನಾವೂ ಹೇಳುತ್ತೇವೆ. ಬೆಳಿಗ್ಗೆ ಮಂಜಿನಲ್ಲಿ ತೋಟಕ್ಕೆ ಮೊದಲು ಕಾಲಿಡುವವರು ಕೂಲಿಯವರು. ಮಾಲೀಕರು ಜೀಪಿನಲ್ಲಿ ಹತ್ತು ಗಂಟೆಗೆ ಬರುತ್ತಾರೆ. ಸತ್ತವರ ಹೆಸರು ಓದಿ ನೋಡಿ, ಹೆಚ್ಚಿನವರು ಲೈನ್‌ಮನೆಯವರು, ಹಾಡಿಯವರು. ನಮ್ಮ ಹಾಡಿಯಲ್ಲಿ ಒಬ್ಬರು ಹೋದಾಗ ಪರಿಹಾರದ ಹಣಕ್ಕೆ ಹೆಂಡತಿ ಹೆಸರಿನ ಒಂದು ಅಕ್ಷರ ಆಧಾರಿನಲ್ಲಿ ಬೇರೆ ಇದೆ ಎಂದು ಏಳು ತಿಂಗಳು ತಿರುಗಿಸಿದರು.

ನಮಗೆ ಪರಿಸರ ಪಾಠ ಬೇಡ. ನಮ್ಮನ್ನು ಸಮ ಕೂರಿಸಿ ಮಾತಾಡಿ ಸಾಕು.

ಎರಡು ಕೋಣೆ (ಕಕ್ಕಬ್ಬೆ)

ನನ್ನದು ಎರಡು ಕೋಣೆಯ ಹೋಂಸ್ಟೇ, ನೋಂದಣಿ ಆಗಿದೆ. ಗಾಜಿನ ಬಾಟಲಿಯಲ್ಲಿ ನೀರು ಇಡುತ್ತೇನೆ, ಹಸಿಕಸ ತೋಟದ ಗುಂಡಿಗೆ, ಪ್ಲಾಸ್ಟಿಕ್ ಪಂಚಾಯ್ತಿ ಗಾಡಿಗೆ. ಪರಿಶೀಲನೆಗೆ ಬರುವವರು ನನ್ನ ಮನೆಗೇ ಬರುತ್ತಾರೆ, ಯಾಕೆಂದರೆ ನನ್ನ ಹೆಸರು ಪಟ್ಟಿಯಲ್ಲಿದೆ. ನೋಂದಣಿಯೇ ಮಾಡಿಸದ ಮನೆಗೆ ಯಾರೂ ಹೋಗುವುದಿಲ್ಲ, ಪಟ್ಟಿಯಲ್ಲಿ ಇಲ್ಲವಲ್ಲ. ಸರಿಯಾಗಿ ನಡೆದುಕೊಂಡವರು ಕೈಗೆ ಸಿಗುತ್ತಾರೆ, ಅಷ್ಟೆ. ಕಳೆದ ವರ್ಷ ಪಕ್ಕದವರು "ನೀನೂ ಪಟ್ಟಿಯಿಂದ ಹೊರಗೆ ಬಂದುಬಿಡು ಅಕ್ಕ" ಅಂದರು. ಬರಲಿಲ್ಲ. ಆದರೆ ಆ ಮಾತು ಮನಸ್ಸಿನಲ್ಲಿ ಸುಳಿಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ.

ಮಣ್ಣು ಓದುವವನು (ಪೊನ್ನಂಪೇಟೆ, ಅರಣ್ಯ ಕಾಲೇಜು ವಿದ್ಯಾರ್ಥಿ)

ಎರಡು ಕೋಣೆ ಅಕ್ಕ ಹೇಳಿದ್ದು ಬರೀ ಕೊಡಗಿನ ಕತೆಯಲ್ಲ. 2018ರಲ್ಲಿ ಫ್ರಾನ್ಸಿನಲ್ಲಿ ಇಂಧನದ ಮೇಲೆ ತೆರಿಗೆ ಏರಿಸಲು ಹೊರಟರು, ಹೊಗೆ ಕಡಿಮೆಯಾಗಲಿ ಎಂದು. ಹಳದಿ ಜಾಕೆಟ್ ಹಾಕಿಕೊಂಡು ಹಳ್ಳಿಯವರು, ಸಣ್ಣ ಊರಿನವರು ರಸ್ತೆ ತಡೆದರು. ಬಸ್ಸು, ರೈಲು ಸರಿಯಾಗಿ ಇಲ್ಲದ ಕಡೆ ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದವರು ಅವರು. ಅದೇ ಸರ್ಕಾರ ಸ್ವಲ್ಪ ಮೊದಲು ಶ್ರೀಮಂತರ ಸಂಪತ್ತು ತೆರಿಗೆಯನ್ನು ಬಹಳಷ್ಟು ಇಳಿಸಿತ್ತು. ಡಿಸೆಂಬರಿನಲ್ಲಿ ಇಂಧನ ತೆರಿಗೆಯ ಏರಿಕೆ ಕೈಬಿಡಬೇಕಾಯಿತು. ಭಾರ ಸಮ ಹಂಚಿಕೆಯಾಗಿಲ್ಲ ಎಂದು ಜನರಿಗೆ ಅನ್ನಿಸಿದ ದಿನ ಒಳ್ಳೆಯ ಯೋಜನೆಯೂ ಬಿದ್ದುಹೋಗುತ್ತದೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಓಸ್ಟ್ರೋಮ್ ಜೀವಮಾನವಿಡೀ ಇದನ್ನೇ ನೋಡಿದವರು. ಊರೊಟ್ಟಿನ ಕಾಡು, ಕೆರೆ, ಮೀನು ಎಲ್ಲಿ ಉಳಿದಿದೆ, ಎಲ್ಲಿ ಹಾಳಾಗಿದೆ ಎಂದು. ಬಳಸುವವರೇ ಕೂತು ನಿಯಮ ಮಾಡಿದ ಕಡೆ, ಪಡೆಯುವ ಲಾಭಕ್ಕೆ ತಕ್ಕಂತೆ ದುಡಿಮೆ ಹಂಚಿಕೊಂಡ ಕಡೆ, ತಪ್ಪಿದವನು ಯಾರೇ ಆದರೂ ದಂಡ ಬೀಳುವ ಕಡೆ ಉಳಿದಿದೆ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಬೆಂಗಳೂರಿಗೆ ಕಾವೇರಿ ನೀರು ಹೋಗಲು ಶುರುವಾಗಿ ಐವತ್ತು ವರ್ಷ ದಾಟಿತು. 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 775 ದಶಲಕ್ಷ ಲೀಟರು ಹೆಚ್ಚುವರಿ. ಈ ನೀರು ಮೊದಲು ಇಳಿದು ನಿಲ್ಲುವುದು ನಮ್ಮ ಕಾಡು, ತೋಟ, ಗದ್ದೆಗಳಲ್ಲಿ. ಕೇಂದ್ರದಿಂದ ರಾಜ್ಯಗಳಿಗೆ ತೆರಿಗೆ ಹಂಚುವಾಗ ಹದಿನಾಲ್ಕನೇ ಹಣಕಾಸು ಆಯೋಗ ಅರಣ್ಯಕ್ಕೆ ಶೇಕಡಾ 7.5 ತೂಕ ಕೊಟ್ಟಿತು, ಹದಿನೈದನೆಯದು ಶೇಕಡಾ 10. ಅಂದರೆ ಕಾಡು ಕಾಯುವುದಕ್ಕೆ ಬೆಲೆ ಇದೆ ಎಂದು ದೆಹಲಿ ಒಪ್ಪಿಕೊಂಡಿದೆ. ಆ ಹಣ ರಾಜ್ಯದ ಖಜಾನೆಗೆ ಬರುತ್ತದೆ. ಕಾಡಿರುವ ಪಂಚಾಯ್ತಿಗೆ ಇಷ್ಟು ಪಾಲು ಎಂದು ಆ ಸೂತ್ರದಲ್ಲಿ ಇಲ್ಲ. 224 ಶಾಸಕರಲ್ಲಿ ನಮ್ಮವರು ಇಬ್ಬರು, ಕೇಳುವ ದನಿ ಎಷ್ಟು ದೊಡ್ಡದಿದ್ದೀತು?

2024ರ ನವೆಂಬರಿನಲ್ಲಿ ಅರಣ್ಯ ಸಚಿವರು, ಪಶ್ಚಿಮ ಘಟ್ಟದ ನದಿ ನೀರು ಕುಡಿಯುವ ನಗರಗಳ ನೀರಿನ ಬಿಲ್ಲಿಗೆ ತಿಂಗಳಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕುವ ಪ್ರಸ್ತಾವ ತಯಾರಿಸಲು ಹೇಳಿದ್ದರು. ಬೆಂಗಳೂರಿನಲ್ಲಿ ಗದ್ದಲವಾಯಿತು.

ನಲ್ಲಿ ನೀರು

ಆ ಗದ್ದಲದಲ್ಲಿ ನಾನೂ ಇದ್ದೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ "ಇನ್ನೊಂದು ತೆರಿಗೆ ಬೇಡ" ಎಂದು ಬರೆದವಳು ನಾನೇ. ಹಾಡಿಯ ಮಗ ಬರೆದದ್ದನ್ನು ಓದಿದ ಮೇಲೆ ನಿನ್ನೆ ನಮ್ಮ ನೀರಿನ ಬಿಲ್ಲು ತೆಗೆದು ನೋಡಿದೆ. ಒಳಚರಂಡಿಗೆ ಇಷ್ಟು, ಮೀಟರಿಗೆ ಇಷ್ಟು ಎಂದಿದೆ. ಆ ನೀರು ಹುಟ್ಟುವ ಜಾಗದ ಹೆಸರೇ ಅದರಲ್ಲಿ ಇಲ್ಲ.

ಮೂರು ರೂಪಾಯಿ ಅಲ್ಲ, ಮೂವತ್ತು ಕೊಡಲೂ ನಾನು ತಯಾರು. ನಮ್ಮ ಗುಂಪಿನಲ್ಲಿ ಹಲವರು ಕೊಡುತ್ತಾರೆ. ನಮ್ಮ ಹೆದರಿಕೆ ಒಂದೇ: ಹಣ ಎಲ್ಲಿಗೆ ಹೋಗುತ್ತದೆ? ಸರ್ಕಾರದ ಸಾಮಾನ್ಯ ಖಾತೆಗೆ ಬಿದ್ದರೆ ಮುಗಿಯಿತು. ಎಕರೆಗೆ ಇಷ್ಟು ಎಂದು ನೇರ ತೋಟದವರ ಖಾತೆಗೆ ಹಾಕಲಾಗುವುದಿಲ್ಲವೇ?

ಹಾಡಿಯ ಮಗ

ಎಕರೆ ಲೆಕ್ಕ ಬೇಡ ಅಕ್ಕ. ಎಕರೆ ಲೆಕ್ಕವಾದರೆ 500 ಎಕರೆ ಕಂಪನಿ ಎಸ್ಟೇಟಿಗೆ 500 ಪಾಲು, ಬರೆಯಂಚಿನ ಅಣ್ಣನಿಗೆ ನಾಲ್ಕು, ಆ ಮರದ ಬುಡ ಕಾಯುವ ನಮಗೆ ಸೊನ್ನೆ. ನೀವು ಕೊಟ್ಟ ಮೂವತ್ತು ರೂಪಾಯಿ ಆಗಲೇ ಇರುವವರ ಮನೆಗೇ ಹೋಗುತ್ತದೆ.

ಮಣ್ಣು ಓದುವವನು

ಇದು ನಿಜ. ಕೋಸ್ಟರಿಕಾ ದೇಶ 1997ರಿಂದ ಇಂಧನ ತೆರಿಗೆಯ ಹಣವನ್ನು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಕೊಡುತ್ತಿದೆ. ಮೊದಲ ವರ್ಷಗಳಲ್ಲಿ ಹೆಚ್ಚಿನ ಹಣ ದೊಡ್ಡ ಹಿಡುವಳಿಗಳಿಗೇ ಹೋಯಿತೆಂಬ ದೂರು ಅಲ್ಲೂ ಬಂದಿತ್ತು.

ಕೊಳ್ಳಿ ಬೆಂಕಿ (ವಿರಾಜಪೇಟೆ)

ಎಲ್ಲ ಸರಿ. ಆದರೆ ಕೇರಳಕ್ಕೆ ಹೋಗುವ 400 ಕೆವಿ ವಿದ್ಯುತ್ ಲೈನಿಗೆ 2015ರಲ್ಲಿ ನಮ್ಮ ಜಿಲ್ಲೆಯಲ್ಲಿ 50 ಸಾವಿರಕ್ಕೂ ಹೆಚ್ಚು ಮರ ಕಡಿದಾಗ ಈ ಕಾನೂನೆಲ್ಲ ಎಲ್ಲಿತ್ತು? ಸರ್ಕಾರಕ್ಕೆ ಬೇಕಾದರೆ ಕಡಿಯಬಹುದು, ನಮಗೆ ಬೇಕಾದರೆ ಪಾಪ. ಮೊದಲು ಅವರು ನಿಯಮ ಪಾಲಿಸಲಿ, ಆಮೇಲೆ ನಾವು. ಅಲ್ಲಿಯವರೆಗೆ ನಾನು ಒಂದು ಕೊಂಬೆಯನ್ನೂ ಬಿಟ್ಟುಕೊಡುವುದಿಲ್ಲ.

ದೇವತಕ್ಕ (ನಾಪೋಕ್ಲು ಕಡೆ)

ಮಗು, ನಿನ್ನ ಸಿಟ್ಟು ಅರ್ಥವಾಗುತ್ತದೆ. ಆ ಲೈನಿನ ಸಾಲಿನಲ್ಲಿ ಬಿದ್ದ ಮರಗಳನ್ನು ನಾನೂ ನೋಡಿದ್ದೇನೆ. ಆದರೆ "ಮೊದಲು ಅವರು" ಎಂದು ಎಲ್ಲರೂ ಕೂತರೆ ಏನಾಗುತ್ತದೆ ಎನ್ನುವುದನ್ನು ನಮ್ಮೂರ ದೇವರಕಾಡಿನಲ್ಲಿ ಕಂಡಿದ್ದೇನೆ.

ಕೊಡಗಿನಲ್ಲಿ ದಾಖಲೆಯಂತೆ 1,214 ದೇವರಕಾಡುಗಳು, ಎಲ್ಲ ಸೇರಿ ಸುಮಾರು 2,550 ಹೆಕ್ಟೇರು. ನೂರು ವರ್ಷದ ಹಿಂದೆ ಇದಕ್ಕಿಂತ ಬಹಳ ಹೆಚ್ಚಿತ್ತು. ನನ್ನ ಬಾಲ್ಯದಲ್ಲಿ ನಮ್ಮ ದೇವರಕಾಡಿಗೆ ಚಪ್ಪಲಿ ಹಾಕಿ ಹೋಗುತ್ತಿರಲಿಲ್ಲ, ಬಿದ್ದ ಸೌದೆಯನ್ನೂ ಎತ್ತುತ್ತಿರಲಿಲ್ಲ. ದೇವರಿಗೆ ಹೆದರಿ ಎನ್ನುತ್ತಾರೆ. ನನಗೆ ಅನ್ನಿಸುವುದು, ಮನೆತನದ ಮೂಲಮನೆಯಾದ ಐನ್‌ಮನೆಯ ಯಜಮಾನನಿಗೂ ಗದ್ದೆ ಕೆಲಸದವನಿಗೂ ಅಲ್ಲಿ ಒಂದೇ ಕಟ್ಟುಪಾಡು ಇತ್ತು. ಯಜಮಾನನೇ ಎತ್ತದ ಸೌದೆಯನ್ನು ಆಳು ಹೇಗೆ ಎತ್ತಿಯಾನು?

ಅದು ಮುರಿದದ್ದು ದೊಡ್ಡವರಿಂದಲೇ. ಒಂದು ಸಾಲು ಕಾಫಿ ಬೇಲಿಯಾಚೆ ಹೋಯಿತು, ಮರುವರ್ಷ ಇನ್ನೊಂದು ಸಾಲು. ಅವರನ್ನು ನೋಡಿ ಇವರು. ಹತ್ತು ಹನ್ನೆರಡು ವರ್ಷದ ಹಿಂದೆ ಸರ್ವೆ ಮಾಡಿಸಿದಾಗ ಹನ್ನೊಂದು ಮನೆಯವರ ಒತ್ತುವರಿ ಹೊರಬಿತ್ತು. ಸಭೆ ಸೇರಿದೆವು. ಒಬ್ಬೊಬ್ಬರೂ "ಅವರು ಬಿಟ್ಟರೆ ನಾನು ಬಿಡುತ್ತೇನೆ" ಅಂದರು. ಮೂರು ಸಭೆ ಹಾಗೇ ಮುಗಿಯಿತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದದ್ದು ನಮ್ಮ ಒಕ್ಕದ್ದೇ (ಮನೆತನದ್ದೇ), ಒಂದೂಕಾಲು ಎಕರೆ. ನನ್ನ ಅಣ್ಣ ಆಗ ತಕ್ಕ, ಅಂದರೆ ಊರ ದೇವಸ್ಥಾನದ ಮುಖ್ಯಸ್ಥ. ನಾಲ್ಕನೇ ಸಭೆಗೆ ಮೊದಲು ಬೆಳಿಗ್ಗೆ ಅವರು ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ, ಫಸಲು ಹೊತ್ತು ನಿಂತ ಕಾಫಿಯನ್ನು ಆಚೆ ಬಿಟ್ಟು, ನಮ್ಮ ಬೇಲಿಯ ಕಲ್ಲುಕಂಬಗಳನ್ನು ಕಿತ್ತು ಹಿಂದಕ್ಕೆ ನೆಟ್ಟರು. ಕೊಯ್ಲಿಗೆ ಇನ್ನೂ ಎರಡು ತಿಂಗಳಿತ್ತು. ಅತ್ತಿಗೆ ಮೂರು ದಿನ ಅಣ್ಣನ ಹತ್ತಿರ ಮಾತಾಡಲಿಲ್ಲ.

ಸಭೆಯಲ್ಲಿ ಅಣ್ಣ ಏನನ್ನೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ಎಲ್ಲರೂ ಬರುವ ದಾರಿಯಲ್ಲೇ ಕಂಬಗಳನ್ನು ನೋಡಿಕೊಂಡು ಬಂದಿದ್ದರು. ಆ ವರ್ಷ ಏಳು ಮನೆಯವರು ಬಿಟ್ಟರು. ಇಬ್ಬರು ಇನ್ನೂ ಕೋರ್ಟಿನಲ್ಲಿದ್ದಾರೆ. ಒಬ್ಬರು ತೀರಾ ಬಡವರು, ಅವರದು ಆರು ಸೆಂಟ್ ಜಾಗದಲ್ಲಿ ಮನೆ. ಅವರನ್ನು ಎಬ್ಬಿಸುವುದು ಬೇಡ, ಬೇರೆ ಕಡೆ ಜಾಗ ಸಿಗುವವರೆಗೆ ಇರಲಿ ಎಂದು ಊರೇ ಒಪ್ಪಿತು. ಕೊನೆಗೆ ಅವರೆಲ್ಲ ಬಿಟ್ಟದ್ದು, "ಸಣ್ಣವರೇ ಮೊದಲು ಬಿಡಬೇಕು" ಎಂದು ಯಾರೂ ಕೇಳದಿದ್ದ ಕಾರಣಕ್ಕೆ.

ಈಗ ಆ ಒಂದೂಕಾಲು ಎಕರೆಯಲ್ಲಿ ಕಾಫಿ ಗಿಡದ ನಡುವೆ ಅತ್ತಿ, ಧೂಪ, ಹಲಸು ಎದ್ದಿವೆ. ಕೆಳಗಿನ ಕೊಲ್ಲಿಯಲ್ಲಿ (ಹಳ್ಳದಲ್ಲಿ) ಬೇಸಿಗೆಯಲ್ಲೂ ನೀರು ಹರಿಯುವ ದಿನಗಳು ಹೆಚ್ಚಿವೆ ಎಂದು ಗದ್ದೆಯವರು ಹೇಳುತ್ತಾರೆ.

ಕೊಳ್ಳಿ ಬೆಂಕಿ

ಅಜ್ಜ, ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ನಿಮ್ಮಣ್ಣನಂಥವರು ನಮ್ಮೂರಲ್ಲಿ ಇಲ್ಲ.

ಹಳೇ ಖಾಕಿ

ದೇವತಕ್ಕರು ಬರೆದದ್ದನ್ನು ಸರ್ವಿಸಿನಲ್ಲಿದ್ದಾಗ ಓದಬೇಕಿತ್ತು. ನಾವು ಯಾವಾಗಲೂ ಪಟ್ಟಿಯ ಕೆಳಗಿನಿಂದ ಶುರು ಮಾಡುತ್ತಿದ್ದೆವು. ಆರು ಸೆಂಟಿನವನಿಗೆ ನೋಟಿಸು ಕೊಟ್ಟರೆ ಅದೇ ದಿನ ಅಳುತ್ತಾ ಬರುತ್ತಿದ್ದ. ಅರವತ್ತು ಎಕರೆಯವನಿಗೆ ಕೊಟ್ಟರೆ ವಕೀಲರ ಉತ್ತರ ಬರುತ್ತಿತ್ತು, ಬೆಂಗಳೂರಿನಿಂದ ಫೋನು ಬರುತ್ತಿತ್ತು. ತಿಂಗಳ ವರದಿಯಲ್ಲಿ ತೆರವು ಸಂಖ್ಯೆ ತೋರಿಸಬೇಕು, ಹಾಗಾಗಿ ಆರು ಸೆಂಟಿನವರೇ ಸಿಗುತ್ತಿದ್ದರು. ನಾನೇ ಸಹಿ ಹಾಕಿದ ನೋಟಿಸುಗಳಿವೆ. ಒಂದು ಮನೆಯ ಮುಂದೆ ಹಸಿ ಬಾಣಂತಿ ಕೂತಿದ್ದರು, ಆ ಮುಖ ಇನ್ನೂ ಕಣ್ಣ ಮುಂದಿದೆ. ಕಾಡಿಗಾಗಿ ಮಾಡಿದೆ ಎಂದುಕೊಂಡಿದ್ದೆ. ಅಂಥ ಪ್ರತಿ ನೋಟಿಸಿನ ಜೊತೆ ಒಂದಿಡೀ ಊರು ಕಾಡಿಗೆ ಬೆನ್ನು ತಿರುಗಿಸುತ್ತದೆ ಎನ್ನುವುದು ಆಗ ತಿಳಿಯಲಿಲ್ಲ.

ಬರೆಯಂಚಿನ ಅಣ್ಣನಿಗೆ ಒಂದು ಸಲಹೆ. ಮರದ ಅರ್ಜಿಯ ಪ್ರತಿ ತೆಗೆದುಕೊಂಡು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಗಳ ಹತ್ತಿರ ಹೋಗಿ, ವಾಲಿದ ಮರದ ಫೋಟೊ ಮಾಡಿನ ಸಮೇತ ಬರುವ ಹಾಗೆ ತೆಗೆದು ಲಗತ್ತಿಸಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಬರೆಯಂಚಿನ ಮನೆ

ಆಯಿತು ಸರ್, ಸೋಮವಾರವೇ ಹೋಗುತ್ತೇನೆ.

ದೇವತಕ್ಕರ ಬರಹವನ್ನು ನಿನ್ನೆ ರಾತ್ರಿ ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಅಮ್ಮ ಕೇಳಿ, "ನಮ್ಮ ಕಂಬ ಎಲ್ಲಿದೆ ನೋಡು" ಅಂದರು. ನಮ್ಮ ತೋಟದ ಕೆಳಗೆ ತೋಡಿನ (ಸಣ್ಣ ಹಳ್ಳದ) ಪಕ್ಕ ಕಾಲು ಎಕರೆ ಪೈಸಾರಿ ನಮ್ಮ ಬೇಲಿಯೊಳಗಿದೆ. ಅಪ್ಪನ ಕಾಲದ್ದು. ಮಳೆಗಾಲದಲ್ಲಿ ತೋಡು ಹರಡಿಕೊಳ್ಳುವ ಜಾಗ ಅದು. ನಾವು ಮಣ್ಣು ಏರಿಸಿ ಕಾಫಿ ಹಾಕಿದ್ದೇವೆ. ಅದರಿಂದ ನೀರು ಆಚೆ ದಡ ಕೊರೆಯುತ್ತದೆ, ಆಚೆ ದಡದ ಮೇಲೆ ಇರುವುದು ಆ ಅಜ್ಜಿಯ ಲೈನ್‌ಮನೆ. ಈ ಚರ್ಚೆ ಶುರು ಮಾಡುವಾಗ ಇದನ್ನು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೇಲಿನ ಗುಡ್ಡ ಮಾತ್ರ ಕಣ್ಣಿಗೆ ಬಿದ್ದಿತ್ತು.

ಈ ಸಲದ ಕೊಯ್ಲು ಮುಗಿದ ಮೇಲೆ ಬೇಲಿ ಹಿಂದಕ್ಕೆ ತರುತ್ತೇನೆ. ಆಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಈಜುಕೊಳದ ಪರವಾನಗಿ ಕಾಗದ ತೋರಿಸಿ ಎಂದು ಕೇಳುತ್ತೇನೆ. ಅಪ್ಪನ ಮಳೆ ಪುಸ್ತಕವನ್ನೂ ತರುತ್ತೇನೆ. ಮುಂದಿನ ಸಭೆ ಸೋಮವಾರವೋ ಮಂಗಳವಾರವೋ ಇಡುತ್ತಾರಂತೆ. ನಮ್ಮ ಪಂಚಾಯ್ತಿಯವರು ಇಲ್ಲಿ ಯಾರಾದರೂ ಇದ್ದರೆ ಬನ್ನಿ.

ಹಾಡಿಯ ಮಗ

ಅಣ್ಣ, ನಿಮ್ಮ ಪಂಚಾಯ್ತಿ ನಮ್ಮದಲ್ಲ, ಆದರೂ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಆ ಅಜ್ಜಿ ಬರಲಾಗುವುದಿಲ್ಲ. ಬಂದರೆ ಆ ದಿನದ ಕೂಲಿ ಹೋಗುತ್ತದೆ. ಮೊನ್ನೆ ಬಂದು ಕೇಳಿದ ಒಂದು ಪ್ರಶ್ನೆಗೆ ಅವರು ಆಗಲೇ ಒಂದು ದಿನದ ಕೂಲಿ ಕಳೆದುಕೊಂಡಿರುತ್ತಾರೆ. ನಮ್ಮ ಕಡೆ ಗ್ರಾಮಸಭೆಗೆ ಹಾಡಿಯವರು ಬರುವುದಿಲ್ಲ, ಅವರಿಗೆ ಆಸಕ್ತಿ ಇಲ್ಲ ಎಂದು ನಡಾವಳಿಯಲ್ಲೇ ಬರೆದಿದ್ದಾರೆ. ಸಂತೆ ದಿನ ಇಡಿಸಿ. ಅವತ್ತು ಲೈನಿನವರಿಗೆಲ್ಲ ರಜೆ ಇರುತ್ತದೆ.

ಬರೆಯಂಚಿನ ಮನೆ

ಇಷ್ಟು ವರ್ಷ ಸಭೆಗೆ ಹೋಗಿದ್ದೇನೆ, ಇದು ತಲೆಗೆ ಬಂದಿರಲಿಲ್ಲ ತಮ್ಮ. ಸಂತೆ ದಿನವೇ ಇಡಬೇಕೆಂದು ಅರ್ಜಿ ಬರೆದು ನಾಳೆ ಬೆಳಿಗ್ಗೆ ಲೈನ್‌ಮನೆಗೆ ಹೋಗಿ ಅಜ್ಜಿಯ ಸಹಿ ತೆಗೆದುಕೊಳ್ಳುತ್ತೇನೆ. ಅವರ ಹೆಸರು ಮೊದಲಿರಲಿ, ನನ್ನದು ಅದರ ಕೆಳಗೆ.

ಎರಡು ಕೋಣೆ

ಅರ್ಜಿಯ ನಕಲು ಇಲ್ಲಿ ಹಾಕಿ ಅಣ್ಣ. ಕಕ್ಕಬ್ಬೆಯಲ್ಲೂ ಕೊಡುತ್ತೇವೆ.